ಹತ್ತನೆಯ ಖಾನೆ

ಖಜೂರಿ ಗಡಿಯಾಚೆಯ ಶಿಬಿರ
14 ಡಿಸೆಂಬರ್ 1947

ನೆರೆದ ಮಹಾಜನರೇ! ಮುಂದಿನ ಚಾಪೆಯ ಹಿರಿಯರೇ, ಹಿಂದಿನ ಸಾಲಿನ ತಾಯಂದಿರೇ, ಗೋಡೆಗೆ ಒರಗಿ ನಿಂತ ವಿದ್ಯಾರ್ಥಿ ಸಮೂಹವೇ! ಸದ್ದಡಗಲಿ, ಕಿವಿ ಇತ್ತ ತಿರುಗಲಿ!

ಗಾಬರಿಯಾಗಬೇಡಿರಿ, ಶಿವಕಾಂತಾ ಬಾಯಿಯವರೇ. ನನ್ನ ಪತ್ರಗಳನ್ನು ನಿಮ್ಮ ವಿಶ್ವವಿದ್ಯಾಲಯದಲ್ಲಿ ಗುರುಗಳ ಮುಂದೆ, ಇಪ್ಪತ್ತು ಜನ ಕೂಡಿದಲ್ಲಿ ಓದುವುದಾಗಿ ನೀವೇ ಬರೆದಿದ್ದೀರಿ. ಇಪ್ಪತ್ತು ಜನ ಕೂಡಿದರೆಂದರೆ ನನ್ನ ಪಾಲಿಗೆ ಅದು ಸಭೆ. ಸಭೆಗೆ ವಂದಿಸದೆ ಬಾಯಿ ತೆರೆದವನಲ್ಲ ಈ ಆಳಂದದ ದೌಲತರಾಯ!

ನಾನು ಯಾರೆಂದು ಸಭೆ ಕೇಳಬಹುದು. ಹದಿನೆಂಟು ವರ್ಷ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವನು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತ ನಟನಿಗೆ ಮಾತು ಎತ್ತಿಕೊಡುವುದು ನನ್ನ ಕಸುಬು. ಅರಸನ ಪಾತ್ರದವನು ಸಿಂಹಾಸನದ ಮೇಲೆ ಬೆವರುತ್ತ ಕೂತಾಗ ರಾಜ್ಯವಾಳಿದವನು ನಾನು! ಕಂಪನಿ ಜೇವರ್ಗಿಯಲ್ಲಿ ಕೊನೆಯ ಪರದೆ ಎಳೆಯಿತು. ರಜಾಕಾರರ ಭಯಕ್ಕೆ ಊರು ಬಿಟ್ಟವರ ಜೊತೆ ನಾನೂ ಗಡಿ ದಾಟಿ ಬಂದೆ.

ನೀವು ಕಳಿಸಿದ ಮುನ್ನೂರು ಅಚ್ಚಿನ ನಮೂನೆಗಳು ತಲುಪಿವೆ. ಒಂದೊಂದರಲ್ಲೂ ಹತ್ತು ಖಾನೆ. ಹೆಸರು, ಊರು, ವಯಸ್ಸು, ಗಂಡ ಅಥವಾ ಹೆಂಡತಿ, ಮಕ್ಕಳು, ಹೊಲ, ದನ, ಯಾವ ದಾರಿಯಿಂದ ಬಂದಿರಿ, ತಿರುಗಿ ಹೋಗುವಿರಾ. ಒಂಬತ್ತರವರೆಗೆ ನನ್ನ ಲೇಖನಿ ಕುದುರೆಯಂತೆ ಓಡುತ್ತದೆ. ಹತ್ತನೆಯದರಲ್ಲಿ ಮುಗ್ಗರಿಸುತ್ತದೆ: "ಊರು ಏಕೆ ಬಿಟ್ಟಿರಿ? ಅವರ ಮಾತಿನಲ್ಲೇ ಬರೆಯುವುದು."

ಸೊನ್ನದ ಕಡೆಯ ಒಕ್ಕಲಿಗ, ಧರ್ಮಣ್ಣ ಎಂಬಾತನೊಡನೆ ನಡೆದ ಸಂಭಾಷಣೆ ಇದು.

"ಯಜಮಾನ್ರ, ಊರು ಯಾಕ ಬಿಟ್ರಿ?"

"ಬಿಟ್ಟೀವ್ರಿ."

"ಅದು ಖರೆ. ಯಾಕ ಬಿಟ್ರಿ ಅಂತೇನಿ."

"ಎಲ್ಲಾರೂ ಬಿಟ್ರುರಿ."

"ಎಲ್ಲಾರ ಮಾತು ಬಿಡ್ರಿ. ನಿಮಗ ಏನಾತು?"

ಆತ ನನ್ನ ಕೈಯನ್ನೇ ನೋಡಿದ. "ಮಾಸ್ತರ, ನಿಮ್ಮ ಶಾಯಿ ಸೋರಾಕತ್ತದ ನೋಡ್ರಿ."

ಇಷ್ಟೇ! ಬಾಯಿಯವರೇ, ಅಳುವ ಜನರನ್ನು ನಾನು ಸಂಭಾಳಿಸಬಲ್ಲೆ. ಇವರು ಅಳುವುದಿಲ್ಲ. ರೊಟ್ಟಿ ಕೊಟ್ಟರೆ ತಿನ್ನುತ್ತಾರೆ, ಕೊಡದಿದ್ದರೆ ಕೇಳುವುದಿಲ್ಲ. ಬಿಸಿಲು ಸರಿದರೆ ನೆರಳಿಗೆ ಸರಿಯುತ್ತಾರೆ. ಹತ್ತನೆಯ ಖಾನೆಗೆ ಏನು ಬರೆಯಲಿ? ಅಪ್ಪಣೆಯಾಗಲಿ.

ನಿಮ್ಮ ದೌಲತರಾಯ

*

ಮುಂಬಯಿ
9 ಜನವರಿ 1948

ಶ್ರೀ ದೌಲತರಾಯ ಮಾಸ್ತರರಿಗೆ ಶರಣು.

ಪತ್ರ ತಲುಪಿತು. ನಿಮ್ಮ ಹೆಸರನ್ನು ನನಗೆ ತಿಳಿಸಿದವರು ಅಫಜಲಪುರದ ನಮ್ಮ ತಂದೆ, ಗುರಣ್ಣನವರು. ಅವರು ಇನ್ನೂ ಅಂಗಡಿ ಬಿಟ್ಟು ಕದಲಿಲ್ಲ. ಅದಕ್ಕೇ ಈ ವಲಸೆಯ ಅಭ್ಯಾಸ ನನಗೆ ಬರಿಯ ಪದವಿಯ ವಿಷಯವಲ್ಲ ಎಂದಷ್ಟೇ ಹೇಳುತ್ತೇನೆ.

ನೀವು ಕೇಳಿದ ಪ್ರಶ್ನೆಯನ್ನು ಗುರುಗಳ ಮುಂದೆ ಇಟ್ಟೆ. ಹತ್ತನೆಯ ಖಾನೆ ಖಾಲಿ ಇರುವ ನಮೂನೆ ಅಪೂರ್ಣ. ಅದು ಎಣಿಕೆಗೆ ಬರುವುದಿಲ್ಲ, ಬೇರೆ ಪೆಟ್ಟಿಗೆಗೆ ಹೋಗುತ್ತದೆ. ಇದು ಅವರು ಹಾಕಿಕೊಂಡ ನಿಯಮ.

ಇನ್ನೊಂದು ಮಾತು. ಎಣಿಕೆಗೆ ಬಂದ ಹೆಸರುಗಳಷ್ಟೇ ನಮ್ಮ ದಫ್ತರದಲ್ಲಿ ಸೇರುತ್ತವೆ. ಮುಂದೆ ಶಾಂತಿಯಾದ ಮೇಲೆ ಕಳೆದುಹೋದ ತಮ್ಮವರನ್ನು ಹುಡುಕುವವರಿಗೆ ಆ ದಫ್ತರವೇ ಆಧಾರ. ಖಾಲಿ ಖಾನೆಯವರನ್ನು ಯಾರೂ ಹುಡುಕಿಕೊಂಡು ಬರಲಾರರು.

ಆದ್ದರಿಂದ ಹೇಗಾದರೂ ಮಾತಾಡಿಸಿ.

ಶಿವಕಾಂತಾ

*

ಶಿಬಿರ
2 ಮಾರ್ಚ್ 1948

ಮಹಾಜನರೇ! ಮೌನದ ಕೋಟೆ ಬಿದ್ದಿತು! ನೂರಾ ಮೂವತ್ತು ನಮೂನೆ ತುಂಬಿ ಈ ಟಪಾಲಿಗೆ ಕಳಿಸುತ್ತಿದ್ದೇನೆ. ಕಲ್ಲಿನಂತೆ ಕೂತಿದ್ದವರು ಬಾಯಿ ತೆರೆದಿದ್ದಾರೆ. ಕೇಳಿರಿ, ಅದೇ ಧರ್ಮಣ್ಣ ಏನೆನ್ನುತ್ತಾನೆ:

"ಬಿತ್ತಿದ ಕೈಗೆ ಬೆಳೆ ಕಾಣುವ ಭಾಗ್ಯ ಬೇಡವೇ? ನನ್ನ ಬೇವಿನ ನೆರಳಲ್ಲಿ ಪರರ ಕುದುರೆ ನಿಂತಿತು. ಅಂದೇ ಆ ನೆರಳಿನ ಋಣ ಹರಿಯಿತೆಂದು ಹೊರಟೆ."

ಇನ್ನು ನಮೂನೆ ನೂರಾ ಹದಿನೇಳು. ಹಣಮವ್ವ, ಜೇವರ್ಗಿ ತಾಲೂಕಿನ ಹೊಳೆದಂಡೆಯ ಹಳ್ಳಿಯಾಕೆ. ಮೂವತ್ತರ ಆಸುಪಾಸು. ಗುಂಪಿನ ಜೊತೆ ಆರು ದಿನ ನಡೆದು ಬಂದಳು. ಜೊತೆಯವರು ಅವಳ ಹೆಸರು, ಊರು ಹೇಳಿದರು, ಹೆಚ್ಚಿಗೆ ತಿಳಿಯದು ಎಂದರು. ಅವಳ ಹತ್ತನೆಯ ಖಾನೆ ಹೀಗಿದೆ:

"ನನ್ನ ಹಿಂದೆ ಯಾರೂ ಉಳಿದಿಲ್ಲ. ಕಾಯಬೇಕಾದವರು ನನ್ನ ಕೈ ಬಿಟ್ಟ ದಿನವೇ ಕಟ್ಟಿದ ಗಂಟು ಬಿಚ್ಚಿತು. ಹೊಸ್ತಿಲಿಗೆ ಕೈಮುಗಿದು ಬಂದೆ. ಇನ್ನು ಆ ಊರಿನ ನೀರು ನನಗೆ ಬೇಡ, ಆ ಮನೆಯ ಹೆಸರು ನನಗೆ ಬೇಡ."

ಕೆಳಗೆ ಅವಳ ಹೆಬ್ಬೆಟ್ಟು. ನಿಮ್ಮ ವಿಶ್ವವಿದ್ಯಾಲಯದ ದುಂಡು ಮುದ್ರೆ. ಸಭೆಯಲ್ಲಿ ಒಂದಾದರೂ ಕಣ್ಣು ಒಣಗಿ ಉಳಿಯಿತೇ, ಬರೆದು ತಿಳಿಸಿರಿ!

ದೌಲತರಾಯ

*

ಮುಂಬಯಿ
11 ಏಪ್ರಿಲ್ 1948

ಮಾಸ್ತರರಿಗೆ ಶರಣು.

ನಮೂನೆ 117ನ್ನು ಮೊನ್ನೆ ಸಭೆಯಲ್ಲಿ ಓದಿದೆ. ಯಾರೂ ಅಳಲಿಲ್ಲ. ಗುರುಗಳು ಕನ್ನಡಕ ಒರೆಸಿಕೊಂಡು, "ಓದು ಬರಹ ಇಲ್ಲದವರ ಬಾಯಲ್ಲಿ ಇಂಥ ಮಾತು! ವರದಿಯ ಮೊದಲ ಪುಟಕ್ಕೆ ಇದೇ ಇರಲಿ" ಎಂದರು.

ಎರಡು ಸಂಗತಿ ಬೇಕು. ಮೊದಲನೆಯದು, ಅವಳನ್ನು ಹೇಗೆ ಮಾತಾಡಿಸಿದಿರಿ? ವಿಧಾನವನ್ನು ವರದಿಯಲ್ಲಿ ಸೇರಿಸಬೇಕಾಗಿದೆ. ಎರಡನೆಯದು, ಅವಳ ನಾಲ್ಕನೆಯ ಖಾನೆಯಲ್ಲಿ ಗಂಡನ ವಿಷಯ ಬರೆದಿಲ್ಲ. ವಿಧವೆ ಎಂದು ಹಾಕಲೇ? ಕೊರಳಲ್ಲಿ ತಾಳಿ ಇದೆಯೇ ನೋಡಿ ತಿಳಿಸಿ.

ಅಫಜಲಪುರದಿಂದ ಕಾಗದ ಬಂದು ನಲವತ್ತು ದಿನವಾಯಿತು. ಗಡಿ ದಾಟಿದವರಲ್ಲಿ ನಮ್ಮ ತಂದೆಯವರ ಹೆಸರು ಇಲ್ಲವಷ್ಟೆ? ಇದ್ದರೆ ಹೇಗೂ ಬರೆಯುತ್ತಿದ್ದಿರಿ. ಸುಮ್ಮನೆ ಕೇಳಿದೆ.

ಶಿವಕಾಂತಾ

*

ಶಿಬಿರ
20 ಜೂನ್ 1948

ಶಿವಕಾಂತಾ ಬಾಯಿಯವರೇ,

ಗುರಣ್ಣನವರು ಬಂದಿಲ್ಲ. ಅಂಗಡಿ ತೆಗೆದೇ ಇದೆಯೆಂದು ಆ ಕಡೆಯಿಂದ ಬಂದವರು ಹೇಳಿದರು. ಇದು ಮಾತ್ರ ಕೇಳಿದ್ದು ಕೇಳಿದಂತೆ ಬರೆದಿದ್ದೇನೆ.

ವಿಧಾನ ಕೇಳಿದಿರಿ. ಅದು ನಮ್ಮ ಕಸುಬಿನ ಗುಟ್ಟು. ನಟ ನುಂಗಿಕೊಂಡ ಮಾತು ಅವನ ಗಂಟಲಲ್ಲೇ ಇರುತ್ತದೆ, ತುದಿ ಹಿಡಿದು ಎಳೆಯಬೇಕು ಅಷ್ಟೇ. ವರದಿಯಲ್ಲಿ "ಅನುಭವಸ್ಥರಿಂದ ವಿಚಾರಿಸಲಾಯಿತು" ಎಂದು ಹಾಕಿಬಿಡಿರಿ.

ಹಣಮವ್ವ ಕೊರಳ ತುಂಬ ಸೆರಗು ಹೊದ್ದಿರುತ್ತಾಳೆ. ನೋಡಲಾಗಲಿಲ್ಲ. ಹಿಂದೆ ಯಾರೂ ಉಳಿದಿಲ್ಲ ಎಂದ ಮೇಲೆ ಇನ್ನೇನು? ವಿಧವೆ ಎಂದೇ ಹಾಕಿರಿ.

ದಿನಾ ಮಧ್ಯಾಹ್ನ ಅವಳು ರಸ್ತೆಯ ಕಡೆ ಮುಖ ಮಾಡಿ ಕೂಡುತ್ತಾಳೆ. ಯಾರ ತೊಗರಿಯಾದರೂ ಸರಿ, ಮೊರದಲ್ಲಿ ಹಾಕಿ ಕೊಟ್ಟರೆ ಹಸನು ಮಾಡುತ್ತಾಳೆ. ಹಸನಾದದ್ದನ್ನು ಮತ್ತೆ ಕೊಟ್ಟರೆ ಮತ್ತೆ ಹಸನು ಮಾಡುತ್ತಾಳೆ.

ಸೆಕೆ ಬಹಳ. ಮಳೆ ಇಲ್ಲ.

ದೌಲತರಾಯ

*

ಮುಂಬಯಿ
18 ಅಕ್ಟೋಬರ್ 1948

ಮಾಸ್ತರರಿಗೆ ಶರಣು.

ಸಪ್ಟೆಂಬರಿನಲ್ಲಿ ಹಿಂದೂಸ್ಥಾನದ ದಂಡು ಹೈದರಾಬಾದ ಸಂಸ್ಥಾನ ಹೊಕ್ಕ ಮೇಲೆ ನಿಮ್ಮ ಕಾಗದವಿಲ್ಲ. ಕುಶಲವೆಂದು ನಂಬಿದ್ದೇನೆ. ವರದಿ ಅಚ್ಚಿಗೆ ಹೋಗಿದೆ.

ಎಣಿಕೆ ಮುಗಿದಿದ್ದರಿಂದ ಮೂಲ ನಮೂನೆಗಳನ್ನು ಆಳಂದ, ಅಫಜಲಪುರ, ಜೇವರ್ಗಿ ಎಂದು ವಿಂಗಡಿಸಿ ಆಯಾ ತಾಲೂಕಿಗೆ ಕಳಿಸಿಕೊಟ್ಟೆ. ಹುಡುಕುವವರಿಗೆ ಅನುಕೂಲವಾಗಲಿ ಎಂದು. ಜೇವರ್ಗಿಯ ಕಟ್ಟೂ ಸದ್ಯ ನಮ್ಮ ತಂದೆಯವರಲ್ಲೇ ಇದೆ. ಸಂತೆಯ ದಿನ ಅಂಗಡಿ ಕಟ್ಟೆಯ ಮೇಲೆ ಕೂತು ಓದಿ ಹೇಳುತ್ತಾರೆ. ಅವರ ಪತ್ರದಿಂದ ನಿಮಗೆ ಸಂಬಂಧಿಸಿದ ಭಾಗವನ್ನು ಇಲ್ಲಿ ಇಳಿಸಿದ್ದೇನೆ:

"ಚಂದ್ರಾಮಪ್ಪ ಅಂತ ಒಬ್ಬಾತ ಹೊಳಿ ದಾಟಿ ಬಂದಿದ್ದ. ಕೂಡ ಅವರ ದೈವದ ಹಿರ್ಯಾರು, ಕುಲದ ಪಂಚರು, ನಾಕು ಮಂದಿ. 'ನಮ್ಮ ಮನ್ಯಾಕಿ ಹಣಮವ್ವ ಅಂತ, ಏನರ ಸುದ್ದಿ ಅದೇನ್ರಿ ಶೆಟ್ರ?' ಅಂದ. ಕಾಗದ ಸಿಕ್ಕಿತು. ಓದಿದೆ. ಇನ್ನೊಮ್ಮೆ ಓದ್ರಿ ಅಂದ. ಓದಿದೆ. 'ರಜಾಕಾರ್ರು ಬಂದ ದಿನ ನಾ ಮಗಳನ್ನ ಎತ್ತಿಕೊಂಡು ಹೊಳಿ ಕಡಿ ಓಡಿದ್ನಿರಿ. ಆಕಿ ಹಿಂದ ಬರಾಕತ್ತಾಳ ಅಂತ ತಿಳದಿದ್ದೆ. ತಿರುಗಿ ನೋಡಲಿಲ್ಲ. ಆಕಿ ಅಂದದ್ದು ಬರೋಬ್ಬರಿ ಅದ' ಅಂದ. ಹಿರ್ಯಾರು ಹೆಬ್ಬೆಟ್ಟು ನೋಡಿ, ಮುದ್ರಿ ನೋಡಿ, ಆ ಕಾಗದ ಬೇಡಿ ತಗೊಂಡು ಹೋದರು."

ಗಂಡನೇ ಒಪ್ಪಿದ್ದರಿಂದ ಹೇಳಿಕೆಯ ಸತ್ಯತೆ ದೃಢಪಟ್ಟಂತಾಯಿತು. ನಾಲ್ಕನೆಯ ಖಾನೆಯಲ್ಲಿ ವಿಧವೆ ಎಂಬುದನ್ನು ಹೊಡೆದು, ಗಂಡ ಜೀವಂತ ಎಂದು ತಿದ್ದಬೇಕು. ಒಬ್ಬ ಮಗಳು ಎಂದು ಸೇರಿಸಬೇಕು. ಅವಳಿಗೆ ಈ ಸಂಗತಿ ತಿಳಿಸಿ, ಒಂದು ಸಾಲು ಬರೆಯಿರಿ.

ಶಿವಕಾಂತಾ

*

ಆಳಂದ
27 ಅಕ್ಟೋಬರ್ 1948

ತಂಗಿ ಶಿವಕಾಂತಾ,

ಈ ಕಾಗದವನ್ನು ಸಭೆಯಲ್ಲಿ ಓದಬೇಡ. ಓದಿದರೂ ನಡೆದೀತು.

ಹಣಮವ್ವ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಧರ್ಮಣ್ಣ ಆಡಿದ್ದು ಶಾಯಿ ಸೋರುತ್ತಿದೆ ಎಂಬುದು. ಬೇವಿನ ನೆರಳು, ಕುದುರೆ, ಹೊಸ್ತಿಲು, ಗಂಟು, ನೀರು ಎಲ್ಲ ನನ್ನದು. ನೀನು ಖಾಲಿ ಖಾನೆಯವರನ್ನು ಯಾರೂ ಹುಡುಕಿಕೊಂಡು ಬರಲಾರರು ಎಂದು ಬರೆದೆ. ಎದುರಿಗೆ ಕೂತವರು ಬಾಯಿ ತೆರೆಯರು. ಹದಿನೆಂಟು ವರ್ಷ, ವೇದಿಕೆಯ ಮೇಲೆ ಒಬ್ಬ ಸುಮ್ಮನೆ ನಿಂತನೆಂದರೆ ನನ್ನ ತುಟಿ ತಾನೇ ಅಲುಗುತ್ತಿತ್ತು. ಹಾಗೆಯೇ ಅಲುಗಿತು. ಬರೆದೆ, ಹೆಬ್ಬೆಟ್ಟು ಒತ್ತಿಸಿಕೊಂಡೆ. ಏನು ಬರೆದೆನೆಂದು ಓದಿ ಹೇಳಲಿಲ್ಲ. ಒತ್ತುವವರೂ ಕೇಳಲಿಲ್ಲ. ಎಲ್ಲ ಕೂಡಿ ಇನ್ನೂರಾ ಹನ್ನೆರಡು ನಮೂನೆ ಕಳಿಸಿದ್ದೇನೆ. ಅದರಲ್ಲಿ ನೂರಾ ನಲವತ್ಮೂರು ನನ್ನ ಮಾತು.

ಶಿಬಿರ ಮುಚ್ಚಿತು. ಕರೆಯಲು ಬಂದವರ ಜೊತೆ ಎಲ್ಲರೂ ಊರಿಗೆ ಹೋದರು. ಯಾರೂ ಬಾರದ ಒಂಬತ್ತು ಜನರನ್ನು ಆಳಂದದ ಒಂದು ಛತ್ರಕ್ಕೆ ತಂದಿದ್ದೇವೆ. ಹಣಮವ್ವ ಅವರಲ್ಲಿ ಒಬ್ಬಳು. "ತಾನಾಗಿ ಎದ್ದು ಹೋಗಬಾರದೇ" ಎನ್ನಬೇಡ. ಮನೆ ಬಿಟ್ಟು ತಿಂಗಳುಗಟ್ಟಲೆ ಪರಸ್ಥಳದಲ್ಲಿದ್ದ ಹೆಂಗಸು, ಯಾರೂ ಕರೆಯಲು ಬಾರದೆ, ಗಂಡನ ಹೊಸ್ತಿಲು ತುಳಿಯುವುದಿಲ್ಲ. ಇದು ನಿನಗೂ ಗೊತ್ತು.

ನಿನ್ನ ಕಾಗದ ಬಂದ ದಿನ ಅವಳ ಮುಂದೆ ಕೂತೆ. "ಹಣಮವ್ವ, ನಿನ್ನ ಮನಿಯವ ಇದ್ದಾನವ್ವ. ಮಗಳೂ ಅದಾಳ" ಎಂದೆ. ಅವಳ ಕೈಯಲ್ಲಿ ಮೊರವಿತ್ತು. ಅದು ನಿಲ್ಲಲಿಲ್ಲ. ನಾನು ಏಳಬೇಕೆಂದಿದ್ದೆ, ಆಗ ಮೊದಲ ಸಲ ಅವಳ ದನಿ ಕೇಳಿದೆ.

"ಎಮ್ಮಿ ಕರಾ ಹಾಕಿತೇನ್ರಿ?"

ಗೊತ್ತಿಲ್ಲವವ್ವ ಎಂದೆ. ಮತ್ತೆ ಮೊರ ಆಡಿಸಿದಳು. ಸೆರಗು ಸರಿದಿತ್ತು, ತಾಳಿ ಇದೆ.

ಈಗ ರಸ್ತೆಯಲ್ಲಿ ಜನ ಉಲ್ಟಾ ನಡೆದಿದ್ದಾರೆ, ದಂಡು ಬಂದ ಮೇಲೆ ಊರು ಬಿಟ್ಟ ಮುಸಲ್ಮಾನರು. ಅಫಜಲಪುರದ ಕಡೆಯ ಪೀರಬಿ ಎಂಬ ಮುದುಕಿ ನಿನ್ನೆ ಛತ್ರದ ಪಡಸಾಲೆಗೆ ಬಂದಳು. ಅವರ ಓಣಿಯಲ್ಲಿ ಗಂಡಸರು ಉಳಿದಿಲ್ಲವಂತೆ. ಅದನ್ನೂ ಬೇರೆಯವರು ಹೇಳಿದರು. ನಮೂನೆ ತುಂಬಿದ್ದೇನೆ. ಹತ್ತನೆಯ ಖಾನೆಯಲ್ಲಿ ಏನೂ ಬರೆದಿಲ್ಲ.

ದೌಲತರಾಯ

*

ಮುಂಬಯಿ
6 ನವೆಂಬರ್ 1948

ದೌಲತರಾಯ ಕಾಕಾ,

ನನಗೆ ಗೊತ್ತಿತ್ತು.

ಮಾರ್ಚಿನ ಕಟ್ಟು ಬಿಚ್ಚಿ ನಾಲ್ಕು ನಮೂನೆ ಓದುವಷ್ಟರಲ್ಲೇ ತಿಳಿಯಿತು. ಸೊನ್ನದ ಒಕ್ಕಲಿಗ ಹಾಗೆ ಮಾತಾಡುವುದಿಲ್ಲ ಎನ್ನುವುದು ಅಫಜಲಪುರದಲ್ಲಿ ಹುಟ್ಟಿದ ನನಗೆ ತಿಳಿಯದೆ ಇರುತ್ತದೆಯೇ? ಆದರೆ ಎಣಿಕೆ ತುಂಬುತ್ತಿತ್ತು. ವಿಧಾನ ಯಾವುದೆಂದು ಕೇಳಿದ್ದು, ನೀವೇ ಹೇಳಿಬಿಡಿ ಎಂದು. ನೀವು ಹೇಳಲಿಲ್ಲ. ನಾನು ಎರಡನೆಯ ಸಲ ಕೇಳಲಿಲ್ಲ. ಹೇಳಿಕೆ ದೃಢಪಟ್ಟಿತೆಂದು ಬರೆದೆನಲ್ಲ, ಅದನ್ನು ಬರೆಯುವಾಗ ನನಗೆ ನಿಜವಾಗಿಯೂ ಸಮಾಧಾನವಾಗಿತ್ತು.

ಗುರುಗಳಿಗೆ ನಿಮ್ಮ ಕಾಗದ ಓದಿ ಹೇಳಿದೆ. "ಎಷ್ಟು?" ಎಂದರು. ನೂರಾ ನಲವತ್ಮೂರು ಎಂದೆ. ಕಿಟಕಿ ಮುಚ್ಚಿ ಬಂದು ಕೂತರು. ವರದಿಯನ್ನು ಹಂಚುವುದು ನಿಂತಿತು. ನನ್ನ ಪದವಿ ಮುಂದಕ್ಕೆ ಹೋಯಿತು. ದುಃಖವಾಗುತ್ತದೆಂದು ಕಾದೆ. ಏನೂ ಆಗಲಿಲ್ಲ. ಊಟದ ಗಂಟೆ ಹೊಡೆಯಿತು, ಹೋಗಿ ಉಂಡೆ.

ಪೀರಬಿಯ ನಮೂನೆ ಎಣಿಕೆಗೆ ಬರುವುದಿಲ್ಲ. ಅಭ್ಯಾಸದ ಅವಧಿ ಸಪ್ಟೆಂಬರಿಗೆ ಮುಗಿದಿದೆ. ಆದರೂ ಕಳಿಸಿ. ಖಾಲಿಯಾಗಿಯೇ ಕಳಿಸಿ.

ಈಗ ಮುಖ್ಯವಾದದ್ದು. ಚಂದ್ರಾಮಪ್ಪನ ದೈವದವರು ಆ ನಮೂನೆಯನ್ನು ಸೋಡಪತ್ರ ಎಂದು ಹಿಡಿದಿದ್ದಾರೆ. ಅವರ ರೂಢಿಯಲ್ಲಿ ಹೆಂಡತಿ "ಗಂಟು ಬಿಚ್ಚಿತು, ಮನೆಯ ಹೆಸರು ಬೇಡ" ಎಂದು ಬರೆದುಕೊಟ್ಟರೆ ಗಂಡನಿಗೆ ಬಿಡುಗಡೆ. ಬರೆದದ್ದಿದೆ, ಹೆಬ್ಬೆಟ್ಟಿದೆ, ಮೇಲೆ ಮುದ್ರೆ ಬೇರೆ. ಚಂದ್ರಾಮಪ್ಪ ಏನೂ ಅನ್ನಲಿಲ್ಲವಂತೆ. ಅವನ ಅಣ್ಣಂದಿರು ಬೇರೆ ಹೆಣ್ಣು ಗೊತ್ತು ಮಾಡಿದ್ದಾರೆ. ಇದೇ ಹದಿನೈದು, ಸೋಮವಾರ ಮದುವೆ.

ನಾನು ನಿಜ ಬರೆದು ತಿಳಿಸಿದ ಮೇಲೆ ಅಪ್ಪ ಹೊಳೆ ದಾಟಿ ಹೋಗಿ ಬಂದರು. ಹಿರಿಯರು ಕೇಳಿದ್ದು ಒಂದೇ: "ಹೆಬ್ಬೆಟ್ಟು ಆಕಿದು ಹೌದೋ ಅಲ್ಲೋ? ಅದಷ್ಟು ಹೇಳ್ರಿ ಶೆಟ್ರ." ಅಪ್ಪ ಹೌದೆಂದರು. "ಮತ್ತ ಮುಗೀತಲ್ರಿ" ಎಂದರಂತೆ.

ಕಾಕಾ, ಇನ್ನೊಂದು ಕಾಗದ ಬರೆದು ಕಳಿಸಿದರೆ ಅವರು ನಂಬುವುದಿಲ್ಲ. ನಂಬಲೂಬಾರದು.

ಶಿವಕಾಂತಾ

*

ಜೇವರ್ಗಿ
14 ನವೆಂಬರ್ 1948

ತಂಗಿ ಶಿವಕಾಂತಾ,

ನಿನ್ನ ಕಾಗದ ಶುಕ್ರವಾರ ಮುಟ್ಟಿತು. ಛತ್ರಕ್ಕೆ ಹೋಗಿ ಹಣಮವ್ವನನ್ನು ಕರೆದೆ.

"ಊರಿಗಿ ಹೋಗೂಣೇನವ್ವ?"

"ಕರಿಯಾಕ ಬಂದಾರೇನ್ರಿ?"

"ಇಲ್ಲವ್ವ. ನಾನ ಕರಕೊಂಡು ಹೊಂಟೀನಿ."

ಅವಳು ನನ್ನನ್ನು ನೋಡಿದಳು. "ನೀವು ಯಾರ್ರಿ?"

ಹತ್ತು ತಿಂಗಳು ಅವಳೆದುರು ಓಡಾಡಿದ್ದೇನೆ. ಎಂಥ ಸಭೆಯಲ್ಲೂ ಈ ಪ್ರಶ್ನೆಗೆ ನನ್ನಲ್ಲಿ ಅರ್ಧ ತಾಸಿನ ಉತ್ತರವಿರುತ್ತಿತ್ತು. "ನಿನ್ನ ಹೆಬ್ಬೆಟ್ಟು ತಗೊಂಡಾವ" ಎಂದೆ. ಆಮೇಲೆ ನಮೂನೆಯಲ್ಲಿ ಬರೆದದ್ದನ್ನು ಬಾಯಿಪಾಠ ಹೇಳಿದೆ. ನನ್ನ ಮಾತಾದ್ದರಿಂದ ಒಂದಕ್ಷರವೂ ಮರೆತಿರಲಿಲ್ಲ. ಅದರಿಂದ ಅಲ್ಲಿ ಏನಾಗಿದೆ, ಸೋಮವಾರ ಏನಿದೆ, ಅದನ್ನೂ ಹೇಳಿದೆ. ಕಿರುಚಿಯಾಳು, ಬೈದಾಳು ಎಂದು ಕಾದೆ. ಮೊರವನ್ನು ಗೋಡೆಗೆ ಆನಿಸಿ ಇಟ್ಟಳು.

"ನಾ ಹಂಗ ಅಂದಿಲ್ರಿ."

"ಗೊತ್ತದವ್ವ. ಇದನ್ನ ದೈವದ ಮುಂದ ಅಂತೀಯೇನು?"

ಅವಳು ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ಸೀರೆಯ ಗಂಟು ಹಿಡಿದು ಬಂದು ಬಾಗಿಲಲ್ಲಿ ನಿಂತಳು.

ನಿನ್ನೆ ಮೋಟಾರಿನಲ್ಲಿ ಕಲಬುರ್ಗಿಗೆ ಬಂದೆವು. ಇಂದು ಹೊಳೆ ದಾಟಿ ಜೇವರ್ಗಿ. ಅವಳ ಹಳ್ಳಿ ಇಲ್ಲಿಂದ ಎರಡು ತಾಸಿನ ಹಾದಿ. ಒಬ್ಬ ಕಾಳಿನ ವ್ಯಾಪಾರಿಯ ಪಡಸಾಲೆಯಲ್ಲಿ ಇಳಿದಿದ್ದೇವೆ. ಮನೆಯೊಡತಿ ಗಂಗಾಬಾಯಿ ನನ್ನನ್ನು ಗುರುತು ಹಿಡಿದು, "ಏನ್ರಿ ಮಾಸ್ತರ, ಪರದಿ ಹಿಂದ ನಿಂತು ಎಲ್ಲಾರಕಿಂತ ಜೋರ್ ಒದರತಿದ್ರಿ, ಇವತ್ತ ಗಂಟಲ ಎಲ್ಲಿ ಇಟ್ಟು ಬಂದೀರಿ?" ಎಂದು ನಕ್ಕಳು. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಣಮವ್ವನಿಗೆ ರೊಟ್ಟಿ ಕೊಟ್ಟಳು. ಅರ್ಧ ತಿಂದು ಅರ್ಧ ಸೆರಗಿಗೆ ಕಟ್ಟಿಕೊಂಡಿದ್ದಾಳೆ. ಯಾರಿಗೆಂದು ಕೇಳಲಿಲ್ಲ.

ದೈವದವರು ನನ್ನನ್ನು ಏನು ಮಾಡುತ್ತಾರೋ ಗೊತ್ತಿಲ್ಲ. ಸುಳ್ಳು ಬರೆದವನೆಂದರೆ ಹೌದೆನ್ನುತ್ತೇನೆ. ಆದರೆ ನನ್ನ ಒಪ್ಪಿಗೆಯಿಂದ ಆ ಕಾಗದ ಸುಳ್ಳಾಗುವುದಿಲ್ಲ. ಹೆಬ್ಬೆಟ್ಟು ಅವಳದು, ಅದನ್ನು ಅವಳೇ ಅಲ್ಲಗಳೆಯಬೇಕು. ಅವಳು ಬಾಯಿ ತೆರೆಯದಿದ್ದರೆ ಮದುವೆ ನಡೆಯುತ್ತದೆ. ತೆರೆದರೂ ಚಂದ್ರಾಮಪ್ಪ ಏನೆನ್ನುವನೋ ತಿಳಿಯದು. ದಾರಿಯುದ್ದಕ್ಕೂ ನನ್ನ ನಾಲಗೆಯ ಮೇಲೆ ಅವಳಿಗಾಗಿ ಮಾತುಗಳು ತಾವಾಗಿಯೇ ಸಾಲುಗಟ್ಟಿದವು. ಒಳ್ಳೆಯ ಮಾತುಗಳು. ಕೇಳಿದರೆ ಹಿರಿಯರು ಕರಗಬಹುದಾದಂಥವು. ಒಂದನ್ನೂ ಅವಳಿಗೆ ಹೇಳಿಲ್ಲ.

ನಾಳೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಟು, ಮದುವೆಯ ಹಂದರದ ಮುಂದೆ ಹಿರಿಯರು ಕೂತಲ್ಲಿಗೆ ಹೋಗುತ್ತೇನೆ. ಆ ಕಾಗದದ ಮಾತು ನನ್ನದೆಂದು ಒಮ್ಮೆ ಹೇಳುತ್ತೇನೆ. ಆಮೇಲೆ ಹಣಮವ್ವನ ಮುಖ ಕಾಣದ ಕಡೆಗೆ ಹೋಗಿ ನೆಲದ ಮೇಲೆ ಕೂಡುತ್ತೇನೆ. ಅವಳು ಎಷ್ಟು ಹೊತ್ತು ಸುಮ್ಮನೆ ನಿಂತರೂ ತುಟಿ ಬಿಚ್ಚುವುದಿಲ್ಲ.

ದೌಲತರಾಯ